ನಿರ್ವಾಣ ತಂಡದ 'ನೆವರ್‌ಮೈಂಡ್' ಇಷ್ಟವಾಯಿತು, ಮುಂದೆ ಯಾವ ಆಲ್ಬಮ್ ಕೇಳಬೇಕು?

ಪಿಕ್ಸೀಸ್ ತಂಡದ 'ಡೂಲಿಟಲ್' ಕೇಳಿ. ಬಂದದ್ದು 1989ರಲ್ಲಿ, ಅಂದರೆ 'ನೆವರ್‌ಮೈಂಡ್'ಗಿಂತ ಎರಡು ವರ್ಷ ಮೊದಲು. ನಿಮಗೆ ಹಿಡಿಸಿದ ಸದ್ದಿನ ಒಂದು ದೊಡ್ಡ ಬೇರು ಇರುವುದು ಈ ತಂಡದಲ್ಲೇ.

'ನೆವರ್‌ಮೈಂಡ್'ನ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಹಾಡು ನೆನಪಿಸಿಕೊಳ್ಳಿ. ಚರಣದಲ್ಲಿ ಡ್ರಮ್ಸ್, ಬೇಸ್, ನಡುನಡುವೆ ಗಿಟಾರಿನ ಎರಡೇ ಸ್ವರ. ಪಲ್ಲವಿ ಬಂತೋ, ಎಲ್ಲಾ ಒಟ್ಟಿಗೆ ಸಿಡಿಯುತ್ತದೆ. ಮೊದಲು ಮೆತ್ತಗಿದ್ದುದರಿಂದಲೇ ಆಮೇಲಿನ ಅಬ್ಬರ ಅಷ್ಟು ಜೋರಾಗಿ ಕೇಳಿಸುವುದು. ಇಡೀ ಹಾಡು ಒಂದೇ ಸಮನೆ ಕಿರುಚಿದ್ದರೆ ಕಿವಿ ಅದಕ್ಕೆ ಒಗ್ಗಿಹೋಗುತ್ತಿತ್ತು, ಅಲ್ವಾ? ಈ ಹಾಡು ಬರೆಯುವಾಗ ಪಿಕ್ಸೀಸ್‌ನವರನ್ನೇ ನಕಲು ಮಾಡಲು ಹೊರಟಿದ್ದೆ ಎಂದು ನಿರ್ವಾಣದ ಗಾಯಕ ಕರ್ಟ್ ಕೋಬೇನ್ 'ರೋಲಿಂಗ್ ಸ್ಟೋನ್' ಪತ್ರಿಕೆಗೆ ಹೇಳಿಕೊಂಡಿದ್ದರು.

'ಡೂಲಿಟಲ್'ನ 'ಟೇಮ್' ಹಾಡಿನಿಂದ ಶುರು ಮಾಡಿ. ಎರಡು ನಿಮಿಷ ಕೂಡ ಇಲ್ಲ. ಪಿಸುಗುಟ್ಟುತ್ತಿದ್ದ ಗಾಯಕ ಬ್ಲ್ಯಾಕ್ ಫ್ರಾನ್ಸಿಸ್ ಇದ್ದಕ್ಕಿದ್ದಂತೆ ಅರಚಿಬಿಡುತ್ತಾರೆ. ಹೆಡ್‌ಫೋನ್ ಹಾಕಿದ್ದರೆ ವಾಲ್ಯೂಮ್ ಸ್ವಲ್ಪ ಕಡಿಮೆ ಇರಲಿ!

'ಡೂಲಿಟಲ್'ಗೂ ಹಿಂದಿನ ಪಿಕ್ಸೀಸ್ ಆಲ್ಬಮ್ 'ಸರ್ಫರ್ ರೋಸಾ' (1988) ಇನ್ನೂ ಒರಟು. ಅದನ್ನು ರೆಕಾರ್ಡ್ ಮಾಡಿದ ಸ್ಟೀವ್ ಆಲ್ಬಿನಿಯನ್ನೇ ನಿರ್ವಾಣದವರು ಆಮೇಲೆ ತಮ್ಮ 'ಇನ್ ಯೂಟೆರೊ' ಆಲ್ಬಮ್‌ಗೆ ಕರೆಸಿಕೊಂಡರು. ನನಗೇನೋ 'ಸರ್ಫರ್ ರೋಸಾ'ನೇ ಜಾಸ್ತಿ ಇಷ್ಟ, ಆದರೆ ಮೊದಲ ಸಲಕ್ಕೆ ಬೇಡ.