ಹಾಂಗ್‌ಕಾಂಗ್‌ನ ಬೀದಿಯಲ್ಲಿ ನೇತುಹಾಕಿದ ಮಾಂಸ ಕೊಳ್ಳಬಹುದಾ?

ಕೊಳ್ಳಬಹುದು. ಆದರೆ ಬೆಳಿಗ್ಗೆ ಹೋಗಿ. ಫ್ರಿಜ್ ಇಲ್ಲದೆ ಮಾಂಸ ಮಾರುವ ವಿಡಿಯೋ ನೋಡಿ ನಿಮಗೆ ಗಾಬರಿಯಾಗಿದೆ ಅಂದಿದ್ದೀರಿ. ನೋಡೋಕೆ ಹಾಗೇ ಇರುತ್ತದೆ ಬಿಡಿ.

ಅಲ್ಲಿನ ನಾರ್ತ್ ಪಾಯಿಂಟ್ ಬಡಾವಣೆಯಲ್ಲಿ ಇದ್ದಷ್ಟು ದಿನ ನಾನು ಸಾಮಾನು ತರುತ್ತಿದ್ದದ್ದು ಚುನ್ ಯೂಂಗ್ ಬೀದಿಯಿಂದ. ಸಂತೆಯ ಮಧ್ಯದಲ್ಲೇ ಟ್ರಾಮ್ ಹಳಿ. ಗಂಟೆ ಕೇಳಿದರೆ ಜನ ಚೀಲ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಾರೆ, ಟ್ರಾಮ್ ಹೋದದ್ದೇ ತಡ ಮತ್ತೆ ಹಳಿ ಮೇಲೆ.

ಅಲ್ಲಿನ ಹಂದಿ ಮಾಂಸ ಹಳೆಯದಲ್ಲ. ರಾತ್ರಿ ಕಸಾಯಿಖಾನೆಯಲ್ಲಿ ಕಡಿದು, ತಪಾಸಣೆ ಆಗಿ, ಬೆಳಗಿನ ಜಾವ ಅಂಗಡಿಗೆ ಬರುತ್ತದೆ. ಊರಿನವರು ಬೇಗ ಬಂದು ಒಯ್ದು, ಅವತ್ತೇ ಬೇಯಿಸುತ್ತಾರೆ. ಆ ಸೆಕೆಯಲ್ಲಿ ಮಧ್ಯಾಹ್ನದವರೆಗೂ ಕೊಕ್ಕೆಯಲ್ಲೇ ಉಳಿದದ್ದನ್ನು, ಎಷ್ಟೇ ಅಗ್ಗಕ್ಕೆ ಕೊಟ್ಟರೂ, ನಾನಂತೂ ಮುಟ್ಟುತ್ತಿರಲಿಲ್ಲ. ಇನ್ನೊಂದು ವಿಷಯ, ಅಂಗಡಿಗಳಲ್ಲಿ ಕೆಂಪು ಬೆಳಕಿನ ದೀಪ ಇರುತ್ತದೆ. ಅದರ ಕೆಳಗೆ ಎಂಥ ಮಾಂಸವೂ ಕೆಂಪಗೆ ತಾಜಾ ಕಾಣುತ್ತದೆ. ತುಂಡನ್ನು ಸ್ವಲ್ಪ ಈಚೆಗೆ, ಬಿಸಿಲ ಬೆಳಕಿಗೆ ಹಿಡಿದು ನೋಡಿ.

ನನಗೆ ಕಸಿವಿಸಿ ಆಗುತ್ತಿದ್ದದ್ದು ಕೈ ನೋಡಿ. ಮಾಂಸ ಕತ್ತರಿಸಿದ ಕೈಯಲ್ಲೇ ಚಿಲ್ಲರೆ ಎಣಿಸುತ್ತಾರೆ, ಒಂದೇ ಬಟ್ಟೆಯಲ್ಲಿ ಚಾಕುವನ್ನೂ ಮರದ ಕೊರಡನ್ನೂ ಒರೆಸುತ್ತಾರೆ. ಮನೆಗೆ ತಂದ ಮೇಲೆ ಚೆನ್ನಾಗಿ ಬೇಯಿಸಿದರೆ ಮಾಂಸದ ಚಿಂತೆ ಹೆಚ್ಚುಕಮ್ಮಿ ತೀರಿತು. ಹಸಿ ಮಾಂಸ ಹೆಚ್ಚಿದ ಮಣೆಯಲ್ಲೇ ಸೌತೆಕಾಯಿ ಹೆಚ್ಚಿದರೆ ಮಾತ್ರ ಕಷ್ಟ.

ಕೋಳಿಯ ಕಥೆ ಬೇರೆ. 1997ರಲ್ಲಿ ಅಲ್ಲಿ ಹಕ್ಕಿಜ್ವರ ಮನುಷ್ಯರಿಗೆ ಬಂತು. 18 ಜನಕ್ಕೆ ತಗುಲಿ 6 ಜನ ಸತ್ತರು. ಸರ್ಕಾರ ಹತ್ತು ಲಕ್ಷಕ್ಕೂ ಜಾಸ್ತಿ ಕೋಳಿಗಳನ್ನು ಕೊಲ್ಲಿಸಿತು. ಆಮೇಲೆ ಬಾತು, ಹೆಬ್ಬಾತುಗಳನ್ನು ಕೋಳಿಯ ಜೊತೆ ಮಾರುವುದು ನಿಂತಿತು. 2008ರಿಂದ ಜೀವಂತ ಕೋಳಿಯನ್ನು ರಾತ್ರಿ ಅಂಗಡಿಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಉಳಿದದ್ದನ್ನು ಸಂಜೆ 8ರೊಳಗೆ ಕಡಿಯಲೇಬೇಕು. ಪಂಜರ ಖಾಲಿಯಾಗಿ ತೊಳೆದರೆ ವೈರಾಣು ಒಂದು ದಿನದ ಕೋಳಿಯಿಂದ ಮರುದಿನದ ಕೋಳಿಗೆ ದಾಟುವ ದಾರಿ ಮುಚ್ಚುತ್ತದೆ, ಅಲ್ವಾ? ರೋಗ ಹರಡುತ್ತೆ, ಇಂಥ ಮಾರುಕಟ್ಟೆ ಮುಚ್ಚಿಸಿ ಅಂತ ಕೂಗುವವರು ಈ ನಿಯಮವನ್ನು ಒಮ್ಮೆ ನೋಡಬೇಕು.

ಮೀನು ಕೊಳ್ಳುವಾಗ ಇನ್ನೂ ಹುಷಾರು. 2021ರಲ್ಲಿ ಸಿಹಿನೀರಿನ ಮೀನು ಮುಟ್ಟಿದವರಲ್ಲಿ ಬ್ಯಾಕ್ಟೀರಿಯಾ ಸೋಂಕು ಕಾಣಿಸಿಕೊಂಡು ಕೆಲವರು ತೀರಿಕೊಂಡರು. ಕೈಯಲ್ಲಿ ಗಾಯ ಇದ್ದರೆ ಹಸಿ ಮೀನು ಮುಟ್ಟಬೇಡಿ, ಬೆರಳಲ್ಲಿ ತೋರಿಸಿ ಸಾಕು. ಅವರೇ ಸ್ವಚ್ಛ ಮಾಡಿ ಕಟ್ಟಿಕೊಡುತ್ತಾರೆ.

ನಮ್ಮ ಥರದ ಮಟನ್ ಬೇಕಾದರೆ ಬೀದಿಬೀದಿ ಸುಮ್ನೆ ಅಲೆಯಬೇಡಿ. ಚಿಮ್ ಶಾ ಚುಯ್‌ನ ಚುಂಗ್‌ಕಿಂಗ್ ಮ್ಯಾನ್ಶನ್ಸ್ ಕಟ್ಟಡಕ್ಕೆ ಹೋಗಿ, ಅಲ್ಲಿ ಹಲಾಲ್ ಅಂಗಡಿಗಳಿವೆ.