ಕಣ್ಣಾರೆ ಕಂಡ ಸಾಕ್ಷಿ, ಅಲ್ಲಿರಲಿಲ್ಲ ಎಂಬ ವಾದ

ಮಾನ್ಯ ಓದುಗರೇ,

ಕೊಲೆ ಮೊಕದ್ದಮೆಗಳ ವಿಚಾರಣೆಯ ಕುರಿತು ತಾವು ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಘಟನೆಯ ಹೊತ್ತಿಗೆ ಬೇರೆಡೆ ಇದ್ದೆನೆಂದು ಆರೋಪಿ ದಾಖಲೆ ಸಮೇತ ಹೇಳಿದರೂ, ‘ಕಣ್ಣಾರೆ ಕಂಡೆ’ ಎನ್ನುವ ಸಾಕ್ಷಿಯ ಮಾತನ್ನೇ ನ್ಯಾಯಾಲಯ ಏಕೆ ನಂಬುತ್ತದೆ ಎಂಬುದು ಮೊದಲನೆಯದು. ಬೇರೆಡೆ ಇದ್ದುದನ್ನು ಆರೋಪಿಯೇ ರುಜುವಾತು ಮಾಡಬೇಕಾದರೆ, ಅಪರಾಧ ಸಾಬೀತಾಗುವ ತನಕ ಆತ ನಿರಪರಾಧಿ ಎಂಬ ತತ್ವ ಎಲ್ಲಿ ಉಳಿಯಿತು ಎಂಬುದು ಎರಡನೆಯದು. ಎರಡನೆಯದಕ್ಕೆ ಉತ್ತರ ಸಿಕ್ಕದೆ ಮೊದಲನೆಯದು ಬಗೆಹರಿಯದಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಬೇರೆಡೆ ಇದ್ದೆನೆಂಬ ಸಂಗತಿಯನ್ನು ನ್ಯಾಯಾಲಯ ಪರಿಗಣಿಸಬಹುದು ಎಂಬುದಕ್ಕೆ 1872ರ ಸಾಕ್ಷ್ಯ ಕಾಯ್ದೆಯ 11ನೇ ಕಲಮು ಕೊಟ್ಟಿದ್ದ ಉದಾಹರಣೆ, ಕಲ್ಕತ್ತೆಯಲ್ಲಿ ಅಪರಾಧ ನಡೆದ ದಿನ ಆರೋಪಿ ಲಾಹೋರಿನಲ್ಲಿದ್ದ ಎಂಬುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 9ನೇ ಕಲಮಿನಲ್ಲಿ ಊರುಗಳು ಬದಲಾಗಿವೆ, ತತ್ವ ಬದಲಾಗಿಲ್ಲ. ತಾನು ಬೇರೆಡೆ ಇದ್ದೆನೆಂದು ನ್ಯಾಯಾಲಯ ನಂಬಬೇಕೆಂದು ಬಯಸುವವನು ಅದನ್ನು ರುಜುವಾತುಪಡಿಸಬೇಕು ಎಂಬುದೂ ಕಾನೂನಿನಲ್ಲೇ ಇದೆ. ಆದರೆ ಈ ಹೊಣೆ ಪ್ರಾಸಿಕ್ಯೂಷನ್ನಿನ, ಅಂದರೆ ಆರೋಪ ಹೊರಿಸಿ ಮೊಕದ್ದಮೆ ನಡೆಸುವ ಸರ್ಕಾರಿ ಪಕ್ಷದ, ಹೊಣೆಯನ್ನು ಕೂದಲೆಳೆಯಷ್ಟೂ ಕಡಿಮೆ ಮಾಡುವುದಿಲ್ಲ. ಬಿಹಾರದ ಹಳ್ಳಿಯೊಂದರ ಸಾಮೂಹಿಕ ಹತ್ಯೆಗೆ ಸಂಬಂಧಿಸಿದ ಬಿನಯ್ ಕುಮಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನು ಬಿಡಿಸಿ ಹೇಳಿತು. ಆರೋಪಿ ಸ್ಥಳದಲ್ಲಿದ್ದನೆಂದು ಪ್ರಾಸಿಕ್ಯೂಷನ್ ಮೊದಲು ತೃಪ್ತಿಕರವಾಗಿ ತೋರಿಸಬೇಕು. ಅದಾದ ಮೇಲೆ ಬೇರೆಡೆ ಇದ್ದೆನೆಂಬ ವಾದವನ್ನು ಬಿಗಿಯಾಗಿ ಪರೀಕ್ಷಿಸಬೇಕು. ಅಷ್ಟಾಗಿಯೂ ಆತನ ಹಾಜರಿಯ ಬಗ್ಗೆ ಸಮಂಜಸವಾದ ಸಂದೇಹ ಮೂಡಿದರೆ ಅದರ ಲಾಭ ಆರೋಪಿಗೇ ಸಲ್ಲಬೇಕು. ಈ ಕೊನೆಯ ಮಾತನ್ನು ವಾದದ ಭರದಲ್ಲಿ ಮರೆಯುವವರೇ ಹೆಚ್ಚು.

ಇನ್ನು ದಾಖಲೆಯ ವಿಷಯ. ಅಲಹಾಬಾದಿನ ಕೊಲೆ ಪ್ರಕರಣವೊಂದರಲ್ಲಿ ಆರೋಪಿ ತಾನು ನೈನಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದೆನೆಂದು ವಾದಿಸಿದ. ಬೆಳಿಗ್ಗೆ ಎಂಟೂವರೆಗೆ ಆತ ಅಲ್ಲಿದ್ದುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೆ ಕೊಲೆ ನಡೆದದ್ದು ಒಂಬತ್ತರ ಸುಮಾರಿಗೆ, ಎರಡು ಜಾಗಗಳ ನಡುವಿನ ದೂರ ಅಲ್ಪ, ಮತ್ತು ಆ ಕಾರ್ಖಾನೆಯಲ್ಲಿ ಒಳಹೋಗುವಾಗ ಕಾರ್ಡ್ ಪಂಚ್ ಮಾಡಬೇಕಿತ್ತೇ ಹೊರತು ಹೊರಬರುವಾಗ ಮಾಡಬೇಕಿರಲಿಲ್ಲ. ಆ ಕಾರ್ಡು ನಿಜವೇ ಆಗಿದ್ದರೂ ಅದು ಆರೋಪಿಯ ಅರ್ಧ ಗಂಟೆಯ ಲೆಕ್ಕ ಕೊಡಲಿಲ್ಲ. ಮದುವೆಯ ಫೋಟೊ, ಬಸ್ ಟಿಕೆಟ್, ಮೊಬೈಲ್ ಟವರಿನ ದಾಖಲೆ ಎಲ್ಲಕ್ಕೂ ಕೇಳಬೇಕಾದ ಪ್ರಶ್ನೆ ಇದೇ: ಆ ಹೊತ್ತಿನಲ್ಲಿ ಆತ ಅಲ್ಲಿರುವುದು ಅಸಾಧ್ಯವಾಗಿತ್ತೇ? ಟವರಿನ ದಾಖಲೆ ಫೋನ್ ಎಲ್ಲಿತ್ತೆಂದು ಹೇಳುತ್ತದೆ, ಅದು ಯಾರ ಜೇಬಿನಲ್ಲಿತ್ತೆಂದು ಹೇಳುವುದಿಲ್ಲ. ಆ ಅಲಹಾಬಾದ್ ಪ್ರಕರಣದ 1981ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತನ್ನೂ ಹೇಳಿತು: ಆರೋಪಿ ಪರ ಸಾಕ್ಷಿಗಳನ್ನು ಹುಟ್ಟಾ ಅಪನಂಬಿಕೆಯಿಂದ ನೋಡುವ ಅಭ್ಯಾಸವನ್ನು ನ್ಯಾಯಾಲಯಗಳು ಬಿಡಬೇಕು, ಸುಳ್ಳು ಹೇಳುವವರು ಎರಡೂ ಕಡೆ ಇರುತ್ತಾರೆ. ಆ ಆರೋಪಿಯ ವಾದ ಸೋತ ತೀರ್ಪಿನಲ್ಲೇ ಈ ಮಾತು ಬಂದಿರುವುದರಿಂದ ನನಗೆ ಅದರ ಮೇಲೆ ಗೌರವ ಹೆಚ್ಚು.

ಈಗ ಕಣ್ಣಾರೆ ಕಂಡವರ ಮಾತಿಗೆ ಬರೋಣ. ಲಂಡನ್ನಿನಲ್ಲಿ 1896ರಲ್ಲಿ ಅಡಾಲ್ಫ್ ಬೆಕ್ ಎಂಬಾತನನ್ನು, ತಮ್ಮ ಒಡವೆ ಲಪಟಾಯಿಸಿದವನು ಇವನೇ ಎಂದು ಹಲವು ಮಹಿಳೆಯರು ಒಬ್ಬರ ಹಿಂದೊಬ್ಬರಂತೆ ಗುರುತಿಸಿದರು. 1877ರಲ್ಲಿ ಇದೇ ಬಗೆಯ ವಂಚನೆಗೆ ಶಿಕ್ಷೆಯಾದ ಸ್ಮಿತ್ ಎಂಬವನೂ ಬೆಕ್ಕನೇ ಎಂದು ಪೊಲೀಸರು ನಂಬಿದ್ದರು. ಆ ವರ್ಷಗಳಲ್ಲಿ ತಾನು ದಕ್ಷಿಣ ಅಮೆರಿಕದಲ್ಲಿದ್ದೆ, ಆದ್ದರಿಂದ ಸ್ಮಿತ್ ಬೇರೆಯವನು ಎಂದು ತೋರಿಸಲು ಬೆಕ್ ಮುಂದಾದಾಗ, ಅದು ಈ ಮೊಕದ್ದಮೆಗೆ ಸಂಬಂಧಿಸಿದ್ದಲ್ಲವೆಂದು ನ್ಯಾಯಾಧೀಶರು ಅವಕಾಶ ಕೊಡಲಿಲ್ಲ. ಬೆಕ್ಕನಿಗೆ ಏಳು ವರ್ಷ ಶಿಕ್ಷೆಯಾಯಿತು. ಬಿಡುಗಡೆಯಾದ ಮೇಲೆ 1904ರಲ್ಲಿ ಮತ್ತೆ ಅದೇ ಆರೋಪ, ಅದೇ ರೀತಿಯ ಗುರುತಿಸುವಿಕೆ, ಮತ್ತೆ ತಪ್ಪಿತಸ್ಥನೆಂಬ ತೀರ್ಮಾನ. ಶಿಕ್ಷೆಯ ಪ್ರಮಾಣ ಇನ್ನೂ ಪ್ರಕಟವಾಗದೆ ಆತ ಸೆರೆಯಲ್ಲಿದ್ದಾಗಲೇ ಹೊರಗೆ ಅದೇ ವಂಚನೆ ನಡೆದು ನಿಜವಾದ ಸ್ಮಿತ್ ಸಿಕ್ಕಿಬಿದ್ದ. ಬೆಕ್ ಬೇರೆಡೆ ಇದ್ದನೆಂಬುದಕ್ಕೆ ಕೊನೆಗೆ ಸಾಕ್ಷಿಯಾದದ್ದು ಸೆರೆಮನೆ. ಆ ಮಹಿಳೆಯರು ಸುಳ್ಳು ಹೇಳಿದವರಲ್ಲ, ಪ್ರಾಮಾಣಿಕವಾಗಿ ತಪ್ಪಿದವರು. ಅಂಥವರ ತಪ್ಪು ಪಾಟೀಸವಾಲಿಗೂ ಸುಲಭವಾಗಿ ಸಿಕ್ಕುವುದಿಲ್ಲ. ಮುಂದೆ 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಸ್ಥಾಪನೆಯಾಗಲು ಈ ಅನ್ಯಾಯವೂ ಕಾರಣವಾಯಿತು.

ನಮ್ಮ ಹಳ್ಳಿಗಳ ಕೊಲೆ ಪ್ರಕರಣಗಳಲ್ಲಿ ತೊಡಕು ಬಹುಮಟ್ಟಿಗೆ ಬೇರೆ ತೆರನಾದದ್ದು. ಸಾಕ್ಷಿಗೆ ಆರೋಪಿಯ ಮುಖ ಹುಟ್ಟಿದಾಗಿನಿಂದ ಪರಿಚಿತ, ಗುರುತು ತಪ್ಪುವ ಪ್ರಶ್ನೆ ಕಡಿಮೆ. ಆದರೆ ಹಳೆಯ ವೈಷಮ್ಯವಿದ್ದಲ್ಲಿ ಕೊಂದ ಇಬ್ಬರ ಜೊತೆ ಮನೆಯಲ್ಲಿದ್ದ ಮೂರನೆಯವನ ಹೆಸರೂ ಸೇರಿಬಿಡುತ್ತದೆ. ಗುಂಪಾಗಿ ನಡೆಸಿದ ಹತ್ಯೆಗಳಲ್ಲಿ ಕನಿಷ್ಠ ಇಬ್ಬರು ಮೂವರು ಸಾಕ್ಷಿಗಳು ಹೊಂದಿಕೆಯಾಗುವಂತೆ ಹೇಳಿದಾಗಲೇ ಶಿಕ್ಷೆ ವಿಧಿಸುವ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 1964ರ ಮಸಾಲ್ತಿ ಪ್ರಕರಣದಲ್ಲೇ ಒಪ್ಪಿತ್ತು. ಆ ಮೂರನೆಯವನಿಗೆ, ತಾನು ಅಲ್ಲಿರಲಿಲ್ಲ ಎಂಬ ವಾದ ಬಿಟ್ಟರೆ ಬೇರೆ ರಕ್ಷಣೆ ಇಲ್ಲ.

ಆ ವಾದ ಸುಳ್ಳಾದರೆ? ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1976ರ ಟರ್ನ್‌ಬುಲ್ ತೀರ್ಪಿನಲ್ಲಿ ಇದಕ್ಕೆ ಮನುಷ್ಯ ಸ್ವಭಾವ ಬಲ್ಲ ಉತ್ತರ ಕೊಟ್ಟಿದೆ. ತನ್ನ ನಿಜ ಮಾತೊಂದನ್ನೇ ಯಾರೂ ನಂಬಲಾರರೆಂದು ಹೆದರಿದ ನಿರಪರಾಧಿಯೂ ಸುಳ್ಳು ಸಾಕ್ಷಿಗಳನ್ನು ಹುಟ್ಟಿಸಬಹುದು. ಆ ಸುಳ್ಳು ಬಯಲಾದ ಮಾತ್ರಕ್ಕೆ ಆತ ಕೃತ್ಯದ ಜಾಗದಲ್ಲಿದ್ದನೆಂದು ಆಗುವುದಿಲ್ಲ.

ಆದ್ದರಿಂದ ತಮ್ಮ ಅಸಮಾಧಾನ ನ್ಯಾಯವಾದದ್ದೇ, ಆದರೆ ಅದು ತಿರುಗಬೇಕಾದದ್ದು ತನಿಖೆಯ ಕಡೆಗೆ. ನಮ್ಮಲ್ಲಿ ಆರೋಪಿಯ ಈ ವಾದ ಅನೇಕ ವೇಳೆ ವರ್ಷಗಳ ನಂತರ, ಪ್ರಾಸಿಕ್ಯೂಷನ್ ಸಾಕ್ಷ್ಯವೆಲ್ಲ ಮುಗಿದ ಮೇಲೆ ದಾಖಲಾಗುತ್ತದೆ. ಅಷ್ಟರಲ್ಲಿ ಸಿಸಿಟಿವಿ ದೃಶ್ಯ ಅಳಿಸಿಹೋಗಿರುತ್ತದೆ, ಲಾಡ್ಜಿನ ರಿಜಿಸ್ಟರ್ ಕಳೆದಿರುತ್ತದೆ, ಮತ್ತು ಇಷ್ಟು ತಡವಾಗಿ ಹೇಳಿದ್ದೇಕೆಂದು ಆರೋಪಿಯನ್ನೇ ಅನುಮಾನಿಸಲಾಗುತ್ತದೆ. ಇಂಥ ವಾದದ ಪೂರ್ವಸೂಚನೆ ಕೊಡಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 1967ರಲ್ಲೇ ಬಂತು. ನಮಗೆ ಬೇಕಾದದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು: ಬಂಧಿತನು ತಾನು ಬೇರೆಡೆ ಇದ್ದೆನೆಂದು ಹೇಳಿದ ದಿನವೇ ಅದನ್ನು ಬರೆದುಕೊಂಡು, ಅಲ್ಲಿಗೆ ಹೋಗಿ ವಿಚಾರಿಸಿ, ಸಿಕ್ಕಿದ್ದು ಯಾರ ಪರವಾಗಿದ್ದರೂ ಅದನ್ನು ದೋಷಾರೋಪ ಪಟ್ಟಿಯ ಜೊತೆಗೇ ನ್ಯಾಯಾಲಯಕ್ಕೆ ಸಲ್ಲಿಸುವುದು ತನಿಖಾಧಿಕಾರಿಯ ಕಡ್ಡಾಯ ಕರ್ತವ್ಯವಾಗಬೇಕು.

— ಸಂಪಾದಕ