ಕ್ಯಾಮೆರಾಕ್ಕೆ ಅಂಟಿಸಿದ ಹಣೆಬೊಟ್ಟು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಹೆಸರು, ಊರು, ಮನೆಯವರ ಉದ್ಯೋಗ ಬದಲಿಸಿದ್ದೇನೆ. ಬರೆಯಲು ಸಲಹೆಗೆ ಬಂದ ಹುಡುಗಿಯ ಒಪ್ಪಿಗೆ ಇದೆ.

ಭವಾನಿ ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು 23. ಬಿ.ಕಾಂ. ಮುಗಿಸಿ ಊರಿನ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ, ಜೊತೆಗೆ ಆನ್‌ಲೈನ್‌ನಲ್ಲಿ ಎಂ.ಕಾಂ. ಓದುತ್ತಿದ್ದಾಳೆ. ಮೂರು ವಾರದಿಂದ ರಾತ್ರಿ ಎರಡು ಗಂಟೆಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಎದೆ ಡವಡವ ಅನ್ನುತ್ತಿತ್ತು. ಊಟ ಸೇರುತ್ತಿರಲಿಲ್ಲ. ಪರೀಕ್ಷೆಗೆ ಇನ್ನು 12 ದಿನ ಉಳಿದಿತ್ತು. ಪರೀಕ್ಷೆಯ ಭಯ ಇರಬೇಕು ಅಂದುಕೊಂಡು, ಓದು ಎಲ್ಲಿಗೆ ಬಂತು ಅಂತ ಕೇಳಿದೆ.

"ಓದಿದ್ದೆಲ್ಲ ಚೆನ್ನಾಗೇ ಇದೆ ಮೇಡಂ. ಪರೀಕ್ಷೆ ಬರೆಯೋಕೆ ಒಂದು ಸಾಫ್ಟ್‌ವೇರ್ ಹಾಕ್ಬೇಕು. ಅದನ್ನ ಹಾಕೋಕೇ ಕೈ ಬರ್ತಿಲ್ಲ" ಅಂದಳು.

ಆನ್‌ಲೈನ್ ಕೋರ್ಸ್‌ಗಳಲ್ಲಿ ಈಗ ಇದು ಸಾಮಾನ್ಯ. ಪ್ರಾಕ್ಟರಿಂಗ್ ಸಾಫ್ಟ್‌ವೇರ್ ಅಂತಾರೆ. ಪರೀಕ್ಷೆ ನಡೆಯುವಾಗ ಬೇರೆ ಯಾವ ಕಿಟಕಿಯೂ ತೆರೆಯದಂತೆ ಕಂಪ್ಯೂಟರನ್ನು ಕಟ್ಟಿಹಾಕುತ್ತದೆ. ಕ್ಯಾಮೆರಾ, ಮೈಕು, ಪರದೆ ಮೂರನ್ನೂ ರೆಕಾರ್ಡ್ ಮಾಡುತ್ತದೆ. ಶುರುವಿಗೆ ಮುಂಚೆ ಗುರುತಿನ ಚೀಟಿ ತೋರಿಸಬೇಕು. ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಯ ನಾಲ್ಕು ಗೋಡೆ, ಮೇಜಿನ ಕೆಳಗು, ಎಲ್ಲವನ್ನೂ ತೋರಿಸಬೇಕು. ಭವಾನಿಯ ವಿಶ್ವವಿದ್ಯಾಲಯ ಕೇಳಿದ್ದೂ ಇದನ್ನೇ.

ಅವಳ ಮನೆಯ ಸ್ಥಿತಿ ಹೀಗಿತ್ತು. ಬಳಕೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲೇ ಅಪ್ಪನ ಗೊಬ್ಬರದ ಅಂಗಡಿಯ ಟ್ಯಾಲಿ ಲೆಕ್ಕ, ಜಿಎಸ್‌ಟಿ, ನೆಟ್ ಬ್ಯಾಂಕಿಂಗ್. ಇರುವುದು ಒಂದೇ ಕೋಣೆ, ಅದರಲ್ಲಿ ಹಾಸಿಗೆ ಹಿಡಿದ ಅಜ್ಜಿ. ಅಣ್ಣ "ಅದು ಸ್ಪೈವೇರ್ ಕಣೇ, ಮುಟ್ಬೇಡ" ಅಂತ ಹೆದರಿಸಿದ್ದ. ಕ್ಲಾಸಿನ ವಾಟ್ಸಾಪ್ ಗುಂಪಿನವರು "ಎಲ್ಲರೂ ಹಾಕಿದೀವಿ, ನಿನಗೊಬ್ಬಳಿಗೆ ಏನು ಕಷ್ಟ" ಅಂದಿದ್ದರು. ಅಪ್ಪನದು ಇನ್ನೂ ಮುಂದೆ: "ಈ ಸಲ ಪರೀಕ್ಷೆನೇ ಬೇಡ ಬಿಡಮ್ಮ." ಕಟ್ಟಿದ ಫೀಸು ಅವಳ ಎಂಟು ತಿಂಗಳ ಸಂಬಳ.

ಒಮ್ಮೆ ಧೈರ್ಯ ಮಾಡಿ ಸಾಫ್ಟ್‌ವೇರ್ ಹಾಕಿ, ಮಾದರಿ ಪರೀಕ್ಷೆ ಬರೆದು, ಅದೇ ರಾತ್ರಿ ತೆಗೆದುಹಾಕಿದ್ದಳು. ಆಮೇಲೂ ಸಮಾಧಾನವಿಲ್ಲ. ಅಮ್ಮನ ಬೊಟ್ಟಿನ ಪ್ಯಾಕೆಟ್ಟಿನಿಂದ ಒಂದು ಸ್ಟಿಕ್ಕರ್ ತೆಗೆದು ಲ್ಯಾಪ್‌ಟಾಪ್ ಕ್ಯಾಮೆರಾಕ್ಕೆ ಅಂಟಿಸಿಬಿಟ್ಟಿದ್ದಳು. ರಾತ್ರಿ ಎದ್ದು ಬೊಟ್ಟು ಅಲ್ಲೇ ಇದೆಯಾ ಅಂತ ನೋಡುತ್ತಿದ್ದಳಂತೆ.

ಮೊದಲ ದಿನ ನಾನು ಜಾಸ್ತಿ ಮಾತಾಡಲಿಲ್ಲ. ಹೆದರಬೇಡ, ಏನೂ ಆಗಲ್ಲ ಅನ್ನುವುದು ಸುಲಭ. ಆದರೆ ಏನೂ ಆಗಲ್ಲ ಅಂತ ನನಗೆ ಹೇಗೆ ಗೊತ್ತು? ಗೊತ್ತಿಲ್ಲದ ಭರವಸೆ ಕೊಟ್ಟರೆ ಅವಳು ನನ್ನ ಮುಂದೆ ತಲೆಯಾಡಿಸಿ ಮನೆಗೆ ಹೋಗಿ ಮತ್ತೆ ಎಚ್ಚರವಾಗಿಯೇ ಇರುತ್ತಾಳೆ. ಅವಳ ಭಯದಲ್ಲಿ ಪರೀಕ್ಷಿಸಿ ನೋಡಬಹುದಾದ ಭಾಗ ಎಷ್ಟು ಅಂತ ಮೊದಲು ತಿಳಿಯಬೇಕಿತ್ತು. ಅದಕ್ಕೆ ಅವಳ ಕೈಗೆ ಹಾಳೆ ಕೊಟ್ಟು ಎರಡೇ ಪ್ರಶ್ನೆ ಬರೆಸಿದೆ. ಇದನ್ನು ಕೊಡುತ್ತಿರುವವರು ಯಾರು? ಇದು ನಮ್ಮ ಮನೆಯಿಂದ ಏನೇನು ತೆಗೆದುಕೊಂಡು ಹೋಗುತ್ತದೆ? "ಸೇಫಾ ಅಲ್ವಾ" ಅನ್ನುವ ಒಂದೇ ಪ್ರಶ್ನೆಯಲ್ಲಿ ಇವೆರಡೂ ಗಂಟು ಬಿದ್ದಿದ್ದವು.

ಎರಡನೇ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ. ಅವಳನ್ನು ಕೇಳಿ, ನನಗೆ ಪರಿಚಯದ ಕಂಪ್ಯೂಟರ್ ಮೇಷ್ಟ್ರನ್ನೂ ಕರೆದೆ. ಇಂಥ ವಿಷಯದಲ್ಲಿ ಆಪ್ತಸಲಹೆಗಾರರು ತಮಗೆ ಗೊತ್ತಿರುವಂತೆ ನಟಿಸಬಾರದು ಅಂತ ನನ್ನ ನಂಬಿಕೆ.

ಡೌನ್‌ಲೋಡ್ ಫೋಲ್ಡರಿನಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಫೈಲ್ ಇದ್ದವು. ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಪೋರ್ಟಲ್‌ಗೆ ಲಾಗಿನ್ ಆಗಿ ಇಳಿಸಿಕೊಂಡದ್ದು. ಇನ್ನೊಂದು ಕ್ಲಾಸಿನ ಗುಂಪಿನಲ್ಲಿ ಯಾರೋ "ಇದು ಬೇಗ ಡೌನ್‌ಲೋಡ್ ಆಗುತ್ತೆ" ಅಂತ ಹಾಕಿದ್ದ ಡ್ರೈವ್ ಲಿಂಕಿನದು. ಮೇಷ್ಟ್ರು ಮೊದಲ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಡಿಜಿಟಲ್ ಸಿಗ್ನೇಚರ್ಸ್ ಅನ್ನುವ ಭಾಗ ತೆರೆದರು. ಅಲ್ಲಿ ಸಾಫ್ಟ್‌ವೇರ್ ಕಂಪನಿಯ ಹೆಸರು ಇತ್ತು. ಸಹಿ ಸರಿಯಿದ್ದರೆ, ಕಂಪನಿ ಸಹಿ ಹಾಕಿದ ಮೇಲೆ ಫೈಲನ್ನು ಯಾರೂ ತಿದ್ದಿಲ್ಲ ಅಂತ ಅರ್ಥ. ಎರಡನೇ ಫೈಲಿನಲ್ಲಿ ಆ ಭಾಗವೇ ಇರಲಿಲ್ಲ.

ಭವಾನಿಯ ಮುಖ ಬಿಳಿಚಿಕೊಂಡಿತು. "ನಾನು ಯಾವುದನ್ನ ಹಾಕಿದ್ದೆ?"

ದಿನಾಂಕ, ಸಮಯ ನೋಡಿದರು. ಅವಳು ಹಾಕಿದ್ದು ಪೋರ್ಟಲ್‌ನದನ್ನೇ. ಗುಂಪಿನ ಫೈಲ್ ಇಳಿದಿತ್ತು, ತೆರೆದಿರಲಿಲ್ಲ. ಅದರೊಳಗೆ ಏನಿತ್ತು ಅಂತ ತಿಳಿಯುವ ಗೋಜಿಗೆ ನಾವು ಹೋಗಲಿಲ್ಲ. ಅಳಿಸಿದೆವು. ಗುಂಪಿನಲ್ಲಿ "ಪೋರ್ಟಲ್‌ನಿಂದ ಮಾತ್ರ ಇಳಿಸಿಕೊಳ್ಳಿ, ಡ್ರೈವ್‌ನ ಫೈಲಿಗೆ ಕಂಪನಿಯ ಸಹಿ ಇಲ್ಲ" ಅಂತ ಅವಳೇ ಬರೆದಳು. ಅವತ್ತೇ ಮೂರು ಜನ ಅವಳಿಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ, ನೋಡುವುದು ಹೇಗೆ ಅಂತ ಕೇಳಿದರಂತೆ.

ಪೋರ್ಟಲ್‌ನ ಫೈಲನ್ನು ವೈರಸ್‌ಟೋಟಲ್‌ಗೂ ಹಾಕಿ ನೋಡಿದರು. ಅದು ಒಂದು ಫೈಲನ್ನು ಸುಮಾರು 70 ಆಂಟಿವೈರಸ್‌ಗಳ ಕೈಯಲ್ಲಿ ಒಟ್ಟಿಗೆ ನೋಡಿಸುತ್ತದೆ. ಒಂದೆರಡು ಸುಮ್ನೆ ಕೂಗುವುದೂ ಉಂಟು, ಎಲ್ಲವೂ ಸುಮ್ಮನಿದ್ದ ಮಾತ್ರಕ್ಕೆ ಗ್ಯಾರಂಟಿಯೂ ಅಲ್ಲ ಅಂತ ಮೇಷ್ಟ್ರು ಮೊದಲೇ ಹೇಳಿದರು. ಯಾವುದೂ ತಕರಾರು ತೆಗೆಯಲಿಲ್ಲ. ಇಲ್ಲಿಗೆ ಮೊದಲ ಪ್ರಶ್ನೆ ಮುಗಿಯಿತು. ಇದನ್ನು ಕೊಟ್ಟಿರುವುದು ಕಳ್ಳರಲ್ಲ.

ಹಾಗಂತ ಅವಳ ಕಸಿವಿಸಿ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ಕಳ್ಳರಲ್ಲದವರೂ ನಮ್ಮಿಂದ ಜಾಸ್ತಿ ಕೇಳಬಹುದು. ಅವರ ಕೈಯಿಂದಲೂ ಸೋರಬಹುದು. 2020ರಲ್ಲಿ ಪ್ರಾಕ್ಟರ್‌ಯು ಅನ್ನುವ, ಇಂಥದೇ ಪರೀಕ್ಷಾ ಕಾವಲಿನ ಅಮೆರಿಕದ ಕಂಪನಿಯಿಂದ 4 ಲಕ್ಷಕ್ಕೂ ಹೆಚ್ಚು ಬಳಕೆದಾರರ ವಿವರ ಹೊರಗೆ ಬಿತ್ತು. ಅಲ್ಲಿನ ಓಹಾಯೋದಲ್ಲಿ ರಸಾಯನಶಾಸ್ತ್ರದ ಪರೀಕ್ಷೆಗೆ ಮುಂಚೆ ತನ್ನ ಮಲಗುವ ಕೋಣೆ ತೋರಿಸಬೇಕಾಗಿ ಬಂದ ವಿದ್ಯಾರ್ಥಿಯೊಬ್ಬ ಕೋರ್ಟಿಗೆ ಹೋದ. ಸರ್ಕಾರಿ ವಿಶ್ವವಿದ್ಯಾಲಯ ಹಾಗೆ ಕೋಣೆ ಜಾಲಾಡಿದ್ದು ಸಂವಿಧಾನಕ್ಕೆ ವಿರುದ್ಧ ಅಂತ 2022ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಅದು ಆ ದೇಶದ ಕಾನೂನು, ನಮಗೆ ಅನ್ವಯಿಸುವುದಿಲ್ಲ. ಆದರೂ ಭವಾನಿಗೆ ಇದನ್ನು ಹೇಳಿದೆ. ಮೂರು ವಾರದಿಂದ ಅವಳು ತನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಳು. ಅವಳಿಗೆ ಮುಜುಗರ ತಂದ ಅದೇ ವಿಷಯಕ್ಕೆ ಎಲ್ಲೋ ಒಬ್ಬ ಹುಡುಗ ಕೋರ್ಟು ಹತ್ತಿದ್ದಾನೆ ಅಂತ ಕೇಳಿ ಅವಳ ಭುಜ ಸ್ವಲ್ಪ ಸಡಿಲವಾಯಿತು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ನಮ್ಮ ಮಾಹಿತಿ ಕೇಳುವವರು ಏನನ್ನು, ಯಾಕೆ ಕೇಳುತ್ತಿದ್ದಾರೆ ಅಂತ ತಿಳಿಸಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಅದನ್ನು ಓದುವ ಅವಕಾಶ ಕೊಡಬೇಕು ಅಂತ ಅದರಲ್ಲಿದೆ. ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುವಂಥದ್ದು. ಅಲ್ಲಿಯವರೆಗೆ ಪ್ರಶ್ನೆ ಕೇಳಲು ಯಾರೂ ಕಾಯಬೇಕಿಲ್ಲ.

ನಾನು ಕೊಟ್ಟ ಮೊದಲ ಸಲಹೆ ಇದೇ: ವಿಶ್ವವಿದ್ಯಾಲಯಕ್ಕೆ ಒಂದು ಮೇಲ್ ಬರಿ. ಭವಾನಿ ಹಿಂಜರಿದಳು. "ಕೇಳಿದ್ರೆ ಕಾಪಿ ಹೊಡೆಯೋಕೆ ದಾರಿ ಹುಡುಕ್ತಿದ್ದಾಳೆ ಅಂದ್ಕೊಳ್ಳಲ್ವಾ ಮೇಡಂ?" ಈ ಮಾತು ನನಗೆ ನೋವು ತಂದಿತು. ಫೀಸು ಕಟ್ಟಿ ಓದುವ ಹುಡುಗಿಗೆ ಪ್ರಶ್ನೆ ಕೇಳುವುದೇ ತಪ್ಪೊಪ್ಪಿಗೆಯಂತೆ ಕಾಣುತ್ತದೆ ಅಂದರೆ, ನಾವು ದೊಡ್ಡವರು ಎಲ್ಲೋ ಎಡವಿದ್ದೇವೆ. ನನ್ನ ಎದುರಿಗೇ ಕೂತು ಬರೆದಳು. ವಿಡಿಯೊ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಅದನ್ನು ಯಾರು ನೋಡುತ್ತಾರೆ, ಅನುಮಾನ ಅಂತ ಕಂಪ್ಯೂಟರ್ ಗುರುತು ಹಾಕಿದರೆ ಮನುಷ್ಯರು ನೋಡಿ ತೀರ್ಮಾನಿಸುತ್ತಾರಾ, ಮನೆಯಲ್ಲಿ ಕಾಯಿಲೆಯವರಿದ್ದಾರೆ, ಪರೀಕ್ಷಾ ಕೇಂದ್ರಕ್ಕೆ ಬಂದು ಬರೆಯಬಹುದಾ. ಇಷ್ಟೇ. ಯಾವ ಆರೋಪವೂ ಇಲ್ಲ.

ಮನುಷ್ಯರು ನೋಡುತ್ತಾರಾ ಅನ್ನುವ ಪ್ರಶ್ನೆಯನ್ನು ಬಿಡಬೇಡ ಅಂತ ಒತ್ತಿ ಹೇಳಿದ್ದೆ. ಅಜ್ಜಿ ಕೆಮ್ಮಿದರೆ, ಅಮ್ಮ ಹಿಂದೆ ಹಾದುಹೋದರೆ ನಕಲು ಅಂತ ಬರೆದುಬಿಡುತ್ತದೆಯೇನೋ ಎಂಬ ಹೆದರಿಕೆ ಅವಳಿಗಿತ್ತು. ಪ್ರಾಕ್ಟರ್‌ಯು ಕಂಪನಿ 2021ರಲ್ಲಿ, ಮನುಷ್ಯರ ಕಣ್ಣಿಲ್ಲದೆ ಬರೀ ಎಐ ನೋಡುವ ಸೇವೆ ಮಾರುವುದನ್ನು ನಿಲ್ಲಿಸುವುದಾಗಿ ತಾನೇ ಹೇಳಿತು. ಅಂದಮೇಲೆ ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

ಮೂರನೇ ಭೇಟಿಗೆ ಬಂದಾಗ ನಿದ್ದೆ ಸ್ವಲ್ಪ ಸುಧಾರಿಸಿತ್ತು. ಪೂರ್ತಿ ಅಲ್ಲ. ಇಷ್ಟೆಲ್ಲ ತಿಳಿದ ಮೇಲೂ ಅನುಮತಿ ಕೊಡುವ "ಅಲೋ" ಅನ್ನುವ ಗುಂಡಿ ಒತ್ತುವುದನ್ನು ನೆನೆಸಿಕೊಂಡರೆ ಕೈ ನಡುಗುತ್ತದೆ ಅಂದಳು. ಆ ಗುಂಡಿಯ ಬಗ್ಗೆಯೇ ಕೇಳಿದೆ. ಹಿಂದೆ ಯಾವಾಗಲಾದರೂ ಅದನ್ನು ಒತ್ತಿ ಏನಾದರೂ ಆಗಿತ್ತಾ?

ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಅಳುತ್ತಾ ಹೇಳಿದಳು. ಹೋದ ವರ್ಷ ಅಮ್ಮನ ವಾಟ್ಸಾಪ್‌ಗೆ ಸಂಬಂಧಿಕರ ನಂಬರಿನಿಂದ ಮದುವೆ ಕರೆಯೋಲೆ ಅಂತ ಒಂದು ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಬಂದಿತ್ತು. ಅಮ್ಮ "ತೆಗೀತಿಲ್ಲ ನೋಡು ಪುಟ್ಟಿ" ಅಂತ ಫೋನ್ ಕೈಗೆ ಕೊಟ್ಟರು. ಇವಳು ಏನೋ ಅವಸರದಲ್ಲಿದ್ದಳು. ಕೇಳಿದ್ದಕ್ಕೆಲ್ಲ ಅಲೋ ಒತ್ತಿ ಫೋನ್ ವಾಪಸ್ ಕೊಟ್ಟಳು. ಇಂಥ ಫೈಲ್‌ಗಳು ಎಸ್‌ಎಂಎಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಒಟಿಪಿ ಕದಿಯುತ್ತವೆ. ಎರಡು ದಿನದಲ್ಲಿ ಅಮ್ಮನ ಖಾತೆಯಿಂದ 38,000 ರೂಪಾಯಿ ಹೋಯಿತು. ಸ್ತ್ರೀಶಕ್ತಿ ಸಂಘದ ಉಳಿತಾಯ ಅದು. ಮನೆಯವರೆಲ್ಲ ಅಮ್ಮನೇ ಏನೋ ಒತ್ತಿಬಿಟ್ಟಳು ಅಂತ ತಿಳಿದರು. ಅಮ್ಮನೂ ಹಾಗೇ ನಂಬಿದರು. ಮರ್ಯಾದೆಗೆ ಅಂಜಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಸಹ ಮಾಡಲಿಲ್ಲ. ಭವಾನಿ ಬಾಯಿ ಬಿಡಲಿಲ್ಲ.

ಅಪ್ಪ ಪರೀಕ್ಷೆಯೇ ಬೇಡ ಅಂದದ್ದು ಆ 38,000ದ ನೋವಿನಿಂದ. ಇವಳ ಕೈ ನಡುಗಿದ್ದೂ ಅದರಿಂದಲೇ.

ಅವಳಿಗೆ ನಾನು ಹೇಳಿದ್ದು ಹೀಗೆ. ಕದ್ದವರು ಬೇರೆ, ನೀನು ಮೋಸ ಹೋದವಳು. ಅವತ್ತು ನೀನು ಯಾರು ಕೊಟ್ಟರು, ಏನು ಕೇಳುತ್ತಿದೆ ಅಂತ ನೋಡದೆ ಒತ್ತಿದೆ. ಈ ಸಲ ಎರಡನ್ನೂ ನೋಡಿದ್ದೀಯ. ಕದಿಯಲು ಬಂದ ಎಪಿಕೆಗೂ ಇದಕ್ಕೂ ವ್ಯತ್ಯಾಸ ಏನು ಅಂತ ನಿನ್ನ ಬಾಯಲ್ಲೇ ಹೇಳು. ಹೇಳಿದಳು: ಇದನ್ನು ಕೊಟ್ಟವರ ವಿಳಾಸ ಇದೆ, ಇವರ ಮೇಲೆ ದೂರು ಕೊಡಬಹುದು, ಯಾವಾಗ ಚಾಲೂ ಆಗುತ್ತೆ ಅಂತ ನನಗೆ ಗೊತ್ತು, ಮುಗಿದ ಮೇಲೆ ತೆಗೆಯಬಹುದು. ಅಪ್ಪನಿಗೆ ನಿಜ ಹೇಳುವುದೋ ಬಿಡುವುದೋ ಅವಳ ಇಷ್ಟಕ್ಕೆ ಬಿಟ್ಟೆ. ಹೇಳಿದರೆ ಭಾರ ಇಳಿಯುತ್ತದೆ ಅಂತ ಮಾತ್ರ ಅಂದೆ.

ಲ್ಯಾಪ್‌ಟಾಪಿನ ವಿಷಯದಲ್ಲಿ ಮೇಷ್ಟ್ರು ನೇರವಾಗಿ ಹೇಳಿದರು. ವಿಂಡೋಸ್‌ನಲ್ಲಿ ಬೇರೆ ಯೂಸರ್ ಅಕೌಂಟ್ ಮಾಡಿಕೊಂಡರೆ ಸಾಮಾನ್ಯ ಪ್ರೋಗ್ರಾಂಗಳ ಕೈಗೆ ಅಪ್ಪನ ಫೈಲ್ ಸಿಗುವುದಿಲ್ಲ. ಆದರೆ ಈ ಸಾಫ್ಟ್‌ವೇರ್ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುತ್ತದೆ, ಅದನ್ನು ಕೊಟ್ಟ ಮೇಲೆ ಆ ಗೋಡೆ ನೆಚ್ಚುವಂತಿಲ್ಲ. ಬ್ಯಾಂಕಿನ ವ್ಯವಹಾರ ಇರುವ ಯಂತ್ರ ಬೇಡವೇ ಬೇಡ, ಬೇರೆ ಸಿಗುತ್ತದಾ ನೋಡಿ ಅಂದರು. ಅಣ್ಣನ ಹಳೆಯ ಲ್ಯಾಪ್‌ಟಾಪ್ ಅಟ್ಟದ ಮೇಲಿತ್ತು. ಮೇಷ್ಟ್ರು ಅದನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಕೊಟ್ಟರು. ಅದರಲ್ಲಿ ಪರೀಕ್ಷೆಯ ಸಾಫ್ಟ್‌ವೇರ್ ಬಿಟ್ಟು ಬೇರೇನೂ ಇಲ್ಲ. ಒಂದು ಪಾಸ್‌ವರ್ಡೂ ಇಲ್ಲ. ಎಲ್ಲರ ಮನೆಯಲ್ಲಿ ಎರಡನೆಯದು ಇರುವುದಿಲ್ಲ, ಗೊತ್ತು. ಇಲ್ಲದಿದ್ದರೆ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಅಳಿಸಿ, ಟ್ಯಾಲಿ ಡೇಟಾ ಪೆನ್‌ಡ್ರೈವ್‌ಗೆ ತೆಗೆದಿಟ್ಟು, ಪರೀಕ್ಷೆಯ ಹಿಂದಿನ ದಿನ ಹಾಕಿ, ಕೊನೆಯ ಪರೀಕ್ಷೆ ಮುಗಿದ ದಿನವೇ ತೆಗೆಯಿರಿ ಎನ್ನುತ್ತಿದ್ದೆವು.

ವಿಶ್ವವಿದ್ಯಾಲಯದ ಉತ್ತರ ಐದನೇ ದಿನ ಬಂತು. ವಿಡಿಯೊ ಆರು ತಿಂಗಳು ಇರುತ್ತದೆ, ಅನುಮಾನದ ಜಾಗಗಳನ್ನು ಸಿಬ್ಬಂದಿ ನೋಡುತ್ತಾರೆ, ಕೋಣೆ ತೋರಿಸುವುದು ಕಡ್ಡಾಯ, ಪರೀಕ್ಷಾ ಕೇಂದ್ರದ ವ್ಯವಸ್ಥೆ ಇಲ್ಲ. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆರು ತಿಂಗಳು ಯಾಕೆ ಬೇಕು? ಕೇಂದ್ರ ಯಾಕಿಲ್ಲ? ಭವಾನಿ ಮಾತ್ರ "ಇಷ್ಟು ಗೊತ್ತಾಯ್ತಲ್ಲ ಮೇಡಂ, ಸಾಕು" ಅಂದಳು. ಅಜ್ಜಿಯ ಕೋಣೆ ತೋರಿಸುವುದಿಲ್ಲ ಅನ್ನುವುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಪಕ್ಕದ ಮನೆಯ ನಿವೃತ್ತ ಟೀಚರ್ ಮಹಡಿಯ ಮೇಲಿನ ಖಾಲಿ ರೂಮು ಬಿಟ್ಟುಕೊಟ್ಟರು. ಒಂದು ಮೇಜು, ಒಂದು ಕುರ್ಚಿ, ಬರೀ ಗೋಡೆ. ನಾಲ್ಕು ಪರೀಕ್ಷೆಯನ್ನೂ ಅಲ್ಲೇ ಬರೆದಳು.

ಎರಡನೇ ಪರೀಕ್ಷೆಗೆ ಮುಂಚಿನ ರಾತ್ರಿ ಅಪ್ಪನಿಗೆ ನಿಜ ಹೇಳಿದಳಂತೆ. ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಒಂದು ವರ್ಷ ಇದನ್ನ ಒಬ್ಬಳೇ ಹೊತ್ಕೊಂಡಿದ್ಯಾ" ಅಂದರಂತೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಅಮ್ಮ ಈಗಲೂ ಫೋನ್ ಮುಟ್ಟಲು ಹೆದರುತ್ತಾರೆ, ಸಂಘದ ಮೀಟಿಂಗಿಗೂ ಹೋಗುತ್ತಿಲ್ಲ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ, ನಿಮ್ಮ ಮುಂದೆ ಹೇಳುತ್ತೇನೆ ಅಂದಿದ್ದಾಳೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಬರಲು ಹೇಳಿದ್ದೇನೆ.